ಎಷ್ಟು ಪರ್ಸೆಂಟ್?

ನಿನ್ನೆ ರಾತ್ರೆಯಿಂದ ಮಂಡೆ ಬಿಸಿಯಾಗಿದೆ. ಇದನ್ನು ಬರೆಯದಿದ್ರೆ ನಿದ್ರೆ ಬರ್ಲಿಕ್ಕಿಲ್ಲ. ಈ ಸೆಕೆಗೆ ಹೇಗೂ ನಿದ್ರೆ ಬರುದಿಲ್ಲ, ಅದು ಬೇರೆ.

ಕಾಸರಗೋಡಿನ ಪೆರ್ಲದ ಹತ್ರ ಭಾವನ ಹೊಸ ಮನೆ ಒಕ್ಕಲು ಇತ್ತು. ಊಟ ಗೌಜಿ ಎಲ್ಲ ಮುಗಿದು ನೆಂಟರು ಖಾಲಿಯಾದ ಮೇಲೆ ನಾವು ನಾಲ್ಕು ಜನ ಟೆರೇಸಿಗೆ ಹತ್ತಿದೆವು. ನಾನು ಹ್ಯೂಸ್ಟನ್ನಿನಿಂದ ಬರುವಾಗ ನನ್ನ ಗ್ಯಾರೇಜಿನಲ್ಲೇ ಮಾಡಿದ ಬ್ಲಾಂಡ್ ಏಲ್ ಅನ್ನುವ ಬಿಯರು ನಾಲ್ಕು ಬಾಟ್ಲಿ, ಒಂದೊಂದು 355 ಎಂಎಲ್‌ನದ್ದು, ಬೈರಾಸಿನಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಬಾಳಂತಿ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿ ತಂದಿದ್ದೆ. ಎರಡು ಲೀಟರಿನ ಒಳಗೆ ಉಂಟು, ಕಸ್ಟಮ್ಸ್ ತಕರಾರಿಲ್ಲ. (ಅಮ್ಮನಿಗೆ ಗೊತ್ತಿಲ್ಲ, ಅವಳು ಫೇಸ್‌ಬುಕ್ಕಿನಲ್ಲಿಲ್ಲ, ನೀವು ಯಾರೂ ಹೋಗಿ ಹೇಳುವ ಉಪಕಾರ ಮಾಡುದು ಬೇಡ.)

ಬಾಟ್ಲಿ ತೆಗೆದು ಹೆಸರು ಹೇಳಿದೆ. "ಏಲ್ ಅಂದ್ರೆ ಏಲಕ್ಕಿ ಹಾಕಿದ್ದಾ?" ಅಂತ ಒಬ್ಬ. ಕ್ಷಮಿಸಿದೆ. "ಬ್ಲಾಂಡ್ ಅಂದ್ರೆ ಚಿನ್ನದ ಕೂದಲಿನವಳಲ್ವಾ, ಅಕ್ಕನಿಗೆ ಗೊತ್ತುಂಟಾ?" ಅಂತ ಇನ್ನೊಬ್ಬ. ಅದನ್ನೂ ಕ್ಷಮಿಸಿದೆ. ಆಮೇಲೆ ಬಂತು ನೋಡಿ ಭಾವನ ಪ್ರಶ್ನೆ.

"ಎಷ್ಟು ಪರ್ಸೆಂಟ್?"

ಆಲ್ಕೋಹಾಲು ನಾಲ್ಕು ಪಾಯಿಂಟ್ ಆರು ಅಂದೆ. ಮೂರು ಜನರ ಮುಖವೂ ಮಗ ಜಸ್ಟ್ ಪಾಸಾದ ಸುದ್ದಿ ಕೇಳಿದ ಹಾಗಾಯ್ತು. "ಮಜ್ಜಿಗೆ ನೀರು ಇಲ್ಲಿಯೇ ಸಿಗ್ತದಲ್ಲ ಮಾರಾಯಾ, ಅಷ್ಟು ದೂರದಿಂದ ಹೊತ್ಕೊಂಡು ಬರ್ಬೇಕಿತ್ತಾ?" ಅಂದು ಭಾವ ಒಂದು ಗುಟುಕು ಕುಡಿದು, ಪಕ್ಕದಲ್ಲಿದ್ದ ಕ್ವಾರ್ಟರಿನಿಂದ ಬ್ರಾಂದಿ ತೆಗೆದು ನನ್ನ ಏಲಿಗೆ ಸುರಿದ. ಸುರಿದೇ ಬಿಟ್ಟ! "ಈಗ ಸರಿಯಾಯ್ತು."

ಐದು ವಾರದ ಕೆಲಸ ಸ್ವಾಮೀ ಅದು.

ಹ್ಯೂಸ್ಟನ್ ಅಂದ್ರೆ ಹಿಮ ಬೀಳುವ ಅಮೆರಿಕ ಅಲ್ಲ. ಜೂನ್ ಜುಲೈಯಲ್ಲಿ ಅಲ್ಲಿಯ ಸೆಕೆಗೂ ಕುಂಬಳೆಯ ಸೆಕೆಗೂ ಅಣ್ಣತಮ್ಮನ ಸಂಬಂಧ. ಅಂಥಾ ಸೆಕೆಗೇ ಇರುವ ಬಿಯರು ಇದು. ಬಣ್ಣ ಒಣಹುಲ್ಲಿನದ್ದು, ಕಹಿ ಸ್ವಲ್ಪವೇ, ಮೈ ಹಗುರ, ಪರ್ಸೆಂಟು ನಾಲ್ಕರಿಂದ ಐದೂವರೆಯ ಒಳಗೆ. ಹತ್ತೊಂಬತ್ತು ಲೀಟರಿಗೆ ಮೂರೂವರೆ ಕಿಲೋ ಚಿಲ್ಲರೆ ಪೇಲ್ ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ನೊರೆ ನಿಲ್ಲಲಿಕ್ಕೆ ಒಂದು ಮುಷ್ಟಿ ಗೋಧಿ ಮಾಲ್ಟು. 65 ಡಿಗ್ರಿ ನೀರಿನಲ್ಲಿ ಒಂದು ಗಂಟೆ ನೆನೆ ಹಾಕುದು. 65 ಅಂದ್ರೆ 65, ಎಪ್ಪತ್ತಕ್ಕೆ ಹೋದ್ರೆ ಯೀಸ್ಟಿಗೆ ತಿನ್ಲಿಕ್ಕಾಗದ ಸಕ್ಕರೆ ಉಳಿದು ಬಿಯರು ದಪ್ಪವಾಗ್ತದೆ, ಸೆಕೆಗೆ ಪಾಯಸ ಕುಡಿದ ಹಾಗೆ. ಆಮೇಲೆ ಒಂದು ಗಂಟೆ ಕುದಿಸುದು, ಕಹಿಗೆ ವಿಲಾಮೆಟ್ ಹಾಪ್ಸ್ ಅನ್ನುವ ಹೂವು 28 ಗ್ರಾಮ್, ಮುಗೀತು. ಹಾಕ್ಲಿಕ್ಕೆ ಜಾಸ್ತಿ ಎಂತದೂ ಇಲ್ಲ, ಕಷ್ಟ ಇರುದು ಅಲ್ಲಿಯೇ. ಗಸಿಯಲ್ಲಿ ಒಂದು ತಪ್ಪಾದ್ರೆ ಮಸಾಲೆ ಮುಚ್ಚಿ ಹಾಕ್ತದೆ, ತಿಳಿಸಾರಿನಲ್ಲಿ ಮುಚ್ಚುವವರು ಯಾರು? ಯೀಸ್ಟು ಕೆಲಸ ಅರ್ಧಕ್ಕೆ ಬಿಟ್ರೆ ಹಸಿ ಸೇಬಿನ ವಾಸನೆ, ಇಲ್ಲದಿದ್ರೆ ಬೆಣ್ಣೆ ವಾಸನೆ, ಎರಡೂ ಇದರಲ್ಲಿ ನೇರ ಮೂಗಿಗೆ ಬಡೀತದೆ. ಎಂಟು ಪರ್ಸೆಂಟಿನದ್ದರಲ್ಲಿ ಅದೆಲ್ಲ ಗೊತ್ತಾಗುವ ಮೊದಲೇ ಗಂಟಲು ಉರೀತದೆ.

ಇನ್ನು ಕೂಲ್ ಮಾಡುವ ಕಥೆ. ಕುದಿದದ್ದನ್ನು ಬೇಗ ತಣಿಸ್ಬೇಕು, ತಾಮ್ರದ ಸುರುಳಿ ಪೈಪು ಒಳಗಿಟ್ಟು ನಲ್ಲಿ ನೀರು ಬಿಟ್ರೆ ಆಗ್ತದೆ ಅಂತ ಪುಸ್ತಕದಲ್ಲಿ ಉಂಟು. ಹ್ಯೂಸ್ಟನ್ನಿನಲ್ಲಿ ಜುಲೈಯಲ್ಲಿ ನಲ್ಲಿ ನೀರೇ ಮೂವತ್ತು ಡಿಗ್ರಿ! ಐಸ್ ಹಾಕಿದ ನೀರನ್ನು ಪಂಪಿನಲ್ಲಿ ತಿರುಗಿಸ್ಬೇಕು. ಆಮೇಲೆ ಯೀಸ್ಟು ಹಾಕಿ ಹುಳಿ ಬರುವಷ್ಟು ದಿನವೂ ತಂಪಾಗಿ ಇಡ್ಬೇಕು. ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಇಟ್ರೆ ಸಾಕು ಅಂತ ಇನ್ನೊಂದು ಉಪದೇಶ, ಅದು ಒಣ ಊರಿನವರಿಗೆ. ನಮ್ಮ ಹಾಗೆ ಬೆವರೇ ಆರದ ಊರಿನಲ್ಲಿ ಒದ್ದೆ ಬಟ್ಟೆ ಹೇಗೆ ಆರ್ತದೆ? ಕೊನೆಗೆ ಹಳೇ ಫ್ರಿಜ್ಜು ತಂದು, ಟೆಂಪರೇಚರ್ ಕಂಟ್ರೋಲರ್ ಸಿಕ್ಕಿಸಿ 18-19 ಡಿಗ್ರಿಯಲ್ಲಿ ನಿಲ್ಲಿಸಿದೆ. ಹುಳಿ ಬರುವಾಗ ಅದು ತನ್ನಷ್ಟಕ್ಕೇ ಬಿಸಿಯಾಗ್ತದೆ, ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಮೇಲೆ ಹೋಗ್ತದೆ, ಅದಕ್ಕೆ ಇಷ್ಟು ಕಾವಲು.

ಇಷ್ಟೆಲ್ಲ ಮಾಡಿ ತಂದವನ ಹತ್ರ "ಎಷ್ಟು ಪರ್ಸೆಂಟ್?" ನೀರುದೋಸೆ ಮಾಡಿದವಳ ಹತ್ರ ಎಷ್ಟು ಗ್ರಾಮ್ ಅಂತ ಕೇಳ್ತೀರಾ?

ತಮಾಷೆ ಗೊತ್ತುಂಟಾ, ಇದೇ ಭಾವ ಬೆಳಿಗ್ಗೆ ಕಳ್ಳು ಕುಡೀತಾನೆ. ಕಪ್ಪು ಬೋರ್ಡಿನ ಮೇಲೆ ಬಿಳಿ ಮಲಯಾಳ ಅಕ್ಷರ ಇರುವ ಅಂಗಡಿಯಲ್ಲಿ ಕೂತು ಮೀನಿನ ಜೊತೆ. ಅಲ್ಲಿ ಒಂದು ದಿನವಾದ್ರೂ ಪರ್ಸೆಂಟ್ ಕೇಳಿದ್ದಾನಾ? ತೆಂಗಿನ ಹೊಂಬಾಳೆಯಿಂದ ಇಳಿದ ರಸ ಮಡಕೆಯಲ್ಲೇ ಹುಳಿ ಬರ್ಲಿಕ್ಕೆ ಶುರುವಾಗ್ತದೆ, ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ, ನೊರೆ, ಹಗುರ. ನಮ್ಮ ಸೆಕೆಗೆ ನಮ್ಮ ಹಿರಿಯರು ಕಂಡುಕೊಂಡ ಲೈಟ್ ಬಿಯರು ಅದೇ. ಅದಕ್ಕೆ ಬ್ರಾಂದಿ ಸುರಿದವನನ್ನು ನಾನು ಇಷ್ಟರವರೆಗೆ ನೋಡ್ಲಿಲ್ಲ. ಕಳ್ಳಾದ್ರೆ ರುಚಿ, ಬಾಟ್ಲಿಯಲ್ಲಿ ಬಂದ ಕೂಡ್ಲೇ ಪರ್ಸೆಂಟು.

ಟೆರೇಸಿನಲ್ಲಿ ಒಂದು ವಾದವೂ ಬಂತು, ಅದನ್ನೂ ಹೇಳ್ಬೇಕು. ಇಲ್ಲಿ ಟ್ಯಾಕ್ಸ್ ಅಷ್ಟು ಉಂಟು, ಸರ್ಕಾರಿ ಔಟ್‌ಲೆಟ್ಟಿನ ಎದುರು ಬಿಸಿಲಿನಲ್ಲಿ ಕ್ಯೂ ನಿಂತು ತಗೊಳ್ಳುವವ ಕೊಟ್ಟ ದುಡ್ಡಿಗೆ ಏರುದು ಬೇಡ್ವಾ ಅಂತ. ಆಯ್ತಪ್ಪ, ದಿನವಿಡೀ ಕಲ್ಲು ಹೊತ್ತು ಬಂದವ ಕೇಳಿದ್ರೆ ನಾನು ಬಾಯಿ ಮುಚ್ಚಿ ಕೂರ್ತೇನೆ. ಇದನ್ನು ಹೇಳಿದವ ಇನ್ನೋವಾದಲ್ಲಿ ಬಂದವ! ಅಡಿಕೆ ರೇಟು ಕೇಳಿ ಮೀಸೆ ತಿರುವುವವ!

ಇನ್ನೊಬ್ಬನದ್ದು "ಅಷ್ಟು ಒಳ್ಳೇದಾದ್ರೆ ಇಲ್ಲಿಯೇ ಮಾಡಿ ತೋರಿಸು" ಅಂತ. ಇಲ್ಲಿ ಲೈಸನ್ಸ್ ಇಲ್ಲದೆ ಮಾಡಿದ್ರೆ ಅಬಕಾರಿ ಜೀಪು ಅಂಗಳಕ್ಕೇ ಬರ್ತದೆ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಉಂಟು, ಮನೆಯಲ್ಲಿ ಇಬ್ಬರು ದೊಡ್ಡವರಿದ್ರೆ ವರ್ಷಕ್ಕೆ 200 ಗ್ಯಾಲನ್ ಮಾಡ್ಬಹುದು, ಮಾರುವ ಹಾಗಿಲ್ಲ ಅಷ್ಟೇ. ನಮ್ಮ ಮನೆಯಲ್ಲಿ ಅದರ ಹತ್ತನೇ ಒಂದಂಶ ಕೂಡ ಆಗುದಿಲ್ಲ.

ಸರಿ, ಸತ್ಯ ಹೇಳ್ತೇನೆ. ನಾನೂ ಭಾವನ ಜಾತಿಯವನೇ. ನನ್ನ ಮೊದಲ ಬ್ಯಾಚಿನಲ್ಲಿ ರೆಸಿಪಿಯಲ್ಲಿ ಇಲ್ಲದ ಒಂದೂವರೆ ಕಿಲೋ ಸಕ್ಕರೆ ಹಾಕಿದ್ದೆ, ಪರ್ಸೆಂಟು ಏರ್ಲಿ ಅಂತ. ಎಂಟೂವರೆ ಬಂತು. ಫ್ರಿಜ್ಜೂ ಇರ್ಲಿಲ್ಲ ಆಗ, ಗ್ಯಾರೇಜಿನ 32 ಡಿಗ್ರಿಯಲ್ಲಿ ಹುಳಿ ಬಂದು ಪೈಂಟಿಗೆ ಹಾಕುವ ಥಿನ್ನರಿನ ವಾಸನೆ. ಯಾರಿಗೂ ಕೊಡ್ಲಿಕ್ಕಾಗುವ ಹಾಗೆ ಇರ್ಲಿಲ್ಲ, ಹಾಗಾಗಿ ಎಲ್ಲಾ ನಾನೇ ಕುಡಿದೆ. ಆ ವರ್ಷ ನನ್ನ ಕೆಲಸ ಹೋಗಿತ್ತು, ನಿಮ್ಮಲ್ಲಿ ಕೆಲವರಿಗೆ ಗೊತ್ತುಂಟು. ಮನೆಯವಳು ಒಂದು ಮಾತು ಹೇಳ್ಲಿಲ್ಲ. ಖಾಲಿ ಬಾಟ್ಲಿಗಳನ್ನು ತೊಳೆದು ಕಿಟಕಿಯಲ್ಲಿ ಸಾಲಾಗಿ ಇಡ್ತಿದ್ದಳು, ಲೆಕ್ಕ ಕಾಣುವ ಹಾಗೆ.

ಹ್ಞಾಂ, ಬಾಟ್ಲಿ ತೊಳೆಯುವ ವಿಷಯ ಬಂತಲ್ಲ, ಈ ಕೆಲಸದ ಮುಕ್ಕಾಲು ಪಾಲು ಅದುವೇ. ನನಗೆ ಅದನ್ನು ಕಲಿಸಿದ್ದು ಯಾವ ಅಮೆರಿಕದವನೂ ಅಲ್ಲ, ಅಮ್ಮ. ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು ಎರಡು ಬಿಸಿಲು ಒಣಗಿಸಿ, "ಒದ್ದೆ ಸೌಟು ಹಾಕಿದ್ರೆ ಕೈ ಮುರೀತೇನೆ" ಅಂತಿದ್ದವಳು. ಹೇಳ್ಲಿಕ್ಕೆ ಆಗುದಿಲ್ಲವಲ್ಲ ಅವಳಿಗೆ.

ಮುಂದಿನ ಬ್ಯಾಚಿಗೆ ಕ್ವೈಕ್ ಅಂತ ನಾರ್ವೆಯ ಹಳ್ಳಿ ಯೀಸ್ಟು ಹಾಕುವ ಅಂದಾಜುಂಟು. ಚಳಿ ದೇಶದ್ದು, ಆದ್ರೆ 35-40 ಡಿಗ್ರಿಯಲ್ಲಿ ಖುಷಿಯಲ್ಲಿ ಕೆಲಸ ಮಾಡ್ತದೆ, ಸ್ವಲ್ಪ ಕಿತ್ತಳೆಯ ಪರಿಮಳ ಬಿಡ್ತದೆ, ಅಲ್ಲಿಯ ರೈತರು ಅದನ್ನು ಮರದ ಬಳೆಗೆ ಮೆತ್ತಿ ಒಣಗಿಸಿ ಇಡ್ತಿದ್ದರು. ಫ್ರಿಜ್ಜಿನ ಕರೆಂಟು ಬಿಲ್ಲೂ ಉಳೀತದೆ.

ನಾಲ್ಕರಲ್ಲಿ ಒಂದು ಬಾಟ್ಲಿ ಇನ್ನೂ ಉಂಟು. ಇವತ್ತು ಮಧ್ಯಾಹ್ನ ಭಾವ ಫೋನ್ ಮಾಡಿ "ಅದು ಇಟ್ಟಿದ್ದೀಯಾ, ನಾಡಿದ್ದು ಬರ್ತೇನೆ" ಅಂದ. ಫ್ರಿಜ್ಜಿನಲ್ಲಿ ಅಮ್ಮನ ಪುನರ್ಪುಳಿ ಶರಬತ್ತಿನ ಹಿಂದೆ ಅಡಗಿಸಿದ್ದೇನೆ. ಕ್ವಾರ್ಟರ್ ಕಿಸೆಯಲ್ಲಿಟ್ಟುಕೊಂಡು ಬಂದ್ರೆ ಗೇಟಿನಿಂದಲೇ ವಾಪಸ್.

ಕರೆಂಟ್ ಹೋಯ್ತು. ಬೀಸಣಿಗೆ ಎಲ್ಲಿಟ್ಟಿದ್ದಾಳೋ ಅಮ್ಮ.