ಕುಟುಂಬ ಸಮೇತ ಬನ್ನಿ, ಭಾಷಣ ಕೇಳಿ

ಮತ್ತೆ ಬಂತು ನೋಡಿ ಫ್ಲೆಕ್ಸು. ದಸರಾ ಸಂಗೀತ ಸಂಜೆ, ದೀಪಾಲಂಕಾರ, ಮಕ್ಕಳ ಕಾರ್ಯಕ್ರಮ, ಕುಟುಂಬ ಸಮೇತರಾಗಿ ಬನ್ನಿ. ತುಮಕೂರಿನ ಬಿ.ಹೆಚ್. ರಸ್ತೆ ತುಂಬಾ ಕೈಮುಗಿದು ನಿಂತ ದೊಡ್ಡವರ ಮುಖಗಳೇ. ಹಾಡುವವರ ಫೋಟೊ ಮೂಲೆಯಲ್ಲಿ, ಸ್ಟಾಂಪ್ ಸೈಜಿನಲ್ಲಿ. ಮಕ್ಕಳದ್ದು ಒಂದೂ ಇಲ್ಲ.

ದೀಪದ ವಿಷಯದಲ್ಲಿ ಮಾತ್ರ ಬೈಯೋ ಹಾಗಿಲ್ಲ. ಮೇನ್ ರೋಡು ಝಗಮಗ. ಎಲ್‌ಇಡಿ ಆನೆ, ಎಲ್‌ಇಡಿ ನವಿಲು, ಮರಕ್ಕೆ ಮೊಳೆ ಹೊಡೆದು ಸುತ್ತಿದ ಸೀರಿಯಲ್ ಸೆಟ್ಟು. ನವಿಲಿನ ಬಾಲದಲ್ಲಿ ಅರ್ಧ ಬಲ್ಬು ಉರಿಯಲ್ಲ, ಆದರೂ ಸೆಲ್ಫಿಗೆ ಕ್ಯೂ. ಅಲ್ಲಿಂದ ಬಲಕ್ಕೆ ತಿರುಗಿದರೆ ನಮ್ಮ ಅಡ್ಡರಸ್ತೆ. ಅಲ್ಲಿನ ಬೀದಿದೀಪ ಯುಗಾದಿಗೂ ಮುಂಚೆಯೇ ಕಣ್ಣು ಮುಚ್ಚಿದೆ. 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು ಸ್ವಾಮಿ ನಮ್ಮದು. ಗುಂಡಿ ಕಂಡು ಜನ ಬೇಜಾರು ಮಾಡಿಕೊಳ್ಳಬಾರದು ಅಂತ ಯೋಚನೆ ಮಾಡಿಯೇ ಕತ್ತಲು ಬಿಟ್ಟಿರಬೇಕು.

ಆರು ಗಂಟೆಗೆ ಅಂದ ಕಾರ್ಯಕ್ರಮದ ದೀಪ ಹಚ್ಚಿದ್ದು ಏಳೂವರೆಗೆ. ಆಮೇಲೆ ಸ್ವಾಗತ. ವೇದಿಕೆ ಮೇಲಿರುವ ಗಣ್ಯರು, ವೇದಿಕೆ ಮುಂದಿರುವ ಗಣ್ಯರು, ದಾರಿಯಲ್ಲಿರುವ ಗಣ್ಯರು. ಬಾರದೇ ಇದ್ದವರಿಗೂ ಒಂದು ಶಾಲು, ಒಂದು ಪೇಟ, ಒಂದು ಹಣ್ಣಿನ ಬುಟ್ಟಿ; ಇಸ್ಕೊಳ್ಳೋಕೆ ಅವರ ಕಡೆಯವರು ಇದ್ದರು. ಈ ಹಣ್ಣಿನ ಬುಟ್ಟಿ ಮೇಲೆ ನನಗೆ ಬಹಳ ದಿನದಿಂದ ಒಂದು ಅನುಮಾನ. ಜರಿ ಪ್ಲಾಸ್ಟಿಕ್ ಸುತ್ತಿದ ಆ ಬುಟ್ಟಿಯನ್ನು ಯಾರಾದರೂ ಬಿಚ್ಚಿ ತಿಂದದ್ದು ನೀವು ನೋಡಿದ್ದೀರಾ? ಸಭೆಯಿಂದ ಸಭೆಗೆ ಅದೇ ಅನಾನಸ್ ಓಡಾಡ್ತಿದೆ ಅನ್ಸುತ್ತೆ. ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಹೆಚ್ಚು ವೇದಿಕೆ ಹತ್ತಿದವರು ಇನ್ನೊಬ್ಬರಿಲ್ಲ. ಅದಕ್ಕೂ ಒಂದು ಸನ್ಮಾನ ಆಗಲಿ.

ಎಲ್ಲಿದ್ದೆ? ಹಾಂ, ಮಕ್ಕಳು. ಸ್ಟೇಜಿನ ಹಿಂದೆ ವೇಷ ಹಾಕಿಕೊಂಡು ಕೂತಿದ್ದರು. ಒಬ್ಬಳು ಒನಕೆ ಓಬವ್ವ. ಥರ್ಮಾಕೋಲ್ ಒನಕೆಯನ್ನೇ ತಲೆದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದಳು. ಬಣ್ಣ ಎಲ್ಲ ಕೆನ್ನೆಯಿಂದ ಒನಕೆಗೆ ಮೆತ್ತಿತ್ತು. ಮೈಕಿನಲ್ಲಿ ಯಾರೋ 'ಇಂದಿನ ಮಕ್ಕಳೇ ಮುಂದಿನ ಪ್ರಜೆಗಳು' ಅಂತಿದ್ದರು. ಅವಳ ಅಮ್ಮ ಸಂಘಟಕರನ್ನು ಕೇಳಿದರು, "ಅಣ್ಣಾ, ಟಾಯ್ಲೆಟ್ ಎಲ್ಲಿ?" ಅಣ್ಣ ಕಾಂಪೌಂಡ್ ಕಡೆ ಕೈ ತೋರಿಸಿದ.

ಇದರಲ್ಲಿ ನಗೋದಕ್ಕೆ ಏನೂ ಇಲ್ಲ. ಊಟ ಇಲ್ಲ, ನೀರಿಲ್ಲ, ಹೆಣ್ಣುಮಕ್ಕಳಿಗೆ ಹೋಗೋಕೆ ಒಂದು ಬಾಗಿಲಿರೋ ಜಾಗ ಇಲ್ಲ. ಲೈಟಿನ ಆನೆಗೆ ದುಡ್ಡಿದೆ.

ಹತ್ತು ಗಂಟೆಯಾದ ಮೇಲೆ ಕಾನೂನು ನೆನಪಾಯಿತು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಮೈಕ್ ಹಾಕಬಾರದು ಅನ್ನುತ್ತೆ 2000ದ ಶಬ್ದಮಾಲಿನ್ಯ ನಿಯಮ. ಅದಕ್ಕೇ ಮಕ್ಕಳ ಡ್ಯಾನ್ಸಿಗೆ ಕತ್ತರಿ, ತಲಾ ಒಂದೊಂದು ನಿಮಿಷ. ಆರ್ಕೆಸ್ಟ್ರಾಗೆ ಆ ನಿಯಮ ಅನ್ವಯಿಸಿದ ಹಾಗೆ ಕಾಣಲಿಲ್ಲ. 'ಕುಟುಂಬ ಸಮೇತ' ಕೂತವರ ಮುಂದೆ ಬಂದ ಮೊದಲ ಹಾಡು ಎಂಥದ್ದು ಅಂದರೆ, ಅಪ್ಪಂದಿರೆಲ್ಲ ಒಟ್ಟಿಗೇ ಮೊಬೈಲ್ ತೆಗೆದರು.

ಅದೇ ನಿಯಮದಲ್ಲಿ ಹಬ್ಬಕ್ಕೆ ಅಂತ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೂ ಮೈಕಿಗೆ ಸರ್ಕಾರ ವಿನಾಯಿತಿ ಕೊಡಬಹುದು. ಮುಂದಿನ ಸಲ ಆರಕ್ಕೆ ಮಕ್ಕಳನ್ನು ಹತ್ತಿಸಿ. ಭಾಷಣ, ಶಾಲು, ಅನಾನಸ್ ಎಲ್ಲ ಹತ್ತರ ಮೇಲೆ ಇಟ್ಟುಕೊಳ್ಳಿ. ಕುರ್ಚಿ ಎತ್ತೋ ಹುಡುಗರಾದರೂ ಕೇಳ್ತಾರೇನೋ.