ಮಾತಿಗೆ ಬೇಲಿ ಬೇಕೇ? ಸಿಂಗಪುರದ ಬಗ್ಗೆ ಭಾವ-ಭಾಮೈದರ ವಾದ

ಸಿಂಗಪುರವನ್ನು 1959ರಿಂದ ಒಂದೇ ಪಕ್ಷ ಆಳುತ್ತಿದೆ. ಹೆಸರು ಪೀಪಲ್ಸ್ ಆ್ಯಕ್ಷನ್ ಪಾರ್ಟಿ, ಎಲ್ಲರ ಬಾಯಲ್ಲಿ ಪಿಎಪಿ. ಅಲ್ಲಿ ಚುನಾವಣೆ ತಪ್ಪದೆ ನಡೆಯುತ್ತದೆ, ವಿರೋಧ ಪಕ್ಷಗಳೂ ಇವೆ. ಆದರೆ ಏನು ಹೇಳಬಹುದು, ಎಲ್ಲಿ ನಿಂತು ಹೇಳಬಹುದು ಅನ್ನೋದಕ್ಕೆ ಗಟ್ಟಿ ಬೇಲಿಯಿದೆ. ಆ ಬೇಲಿ ಸರಿಯೇ? ಅಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಬಂದ ಭಾವ ಸರಿ ಅನ್ನುತ್ತಾರೆ. ಬೆಂಗಳೂರಲ್ಲೇ ಇರುವ ಭಾಮೈದ ತಪ್ಪು ಅನ್ನುತ್ತಾನೆ. ಹಬ್ಬದ ಊಟದ ಎಲೆ ಎತ್ತಿದ ಮೇಲೂ ವಾದ ನಿಲ್ಲಲಿಲ್ಲ. ಕೂಗಾಡಬೇಡಿ, ಬರೆದುಕೊಳ್ಳಿ ಅಂದರು ಮನೆಯವರು.

ಪರ: ಬೇಲಿ ಸುಮ್ನೆ ಹಾಕಿದ್ದಲ್ಲ

ಸಿಂಗಪುರಕ್ಕೆ ಹೋದ ಮೊದಲ ವಾರ ಒಂದು ಹಾಕರ್ ಸೆಂಟರಿನಲ್ಲಿ ಊಟಕ್ಕೆ ಕೂತಿದ್ದೆ. ನಮ್ಮ ಇಪ್ಪತ್ತು ದರ್ಶಿನಿಗಳನ್ನು ಸಾಲಾಗಿ ಜೋಡಿಸಿ, ಮೇಲೊಂದು ಸೂರು ಹಾಕಿದ ಹಾಗಿರುತ್ತದೆ ಅದು. ಪಕ್ಕದ ಟೇಬಲ್ಲಿನಲ್ಲಿ ಮೂವರು ಮುದುಕರು ಕಾಫಿ ಹೀರುತ್ತಾ ಸರ್ಕಾರಕ್ಕೆ ಮಂಗಳಾರತಿ ಎತ್ತುತ್ತಿದ್ದರು. ಮನೆ ರೇಟು, ಬಸ್ ಚಾರ್ಜು, ಮಂತ್ರಿಗಳ ಸಂಬಳ, ಒಂದೂ ಬಿಡಲಿಲ್ಲ. ಯಾರೂ ಬಂದು ಎಳೆದುಕೊಂಡು ಹೋಗಲಿಲ್ಲ. "ಅಲ್ಲಿ ಬಾಯಿ ಬಿಟ್ಟರೆ ಜೈಲು ಭಾವ" ಅಂತ ಹೆದರಿಸಿ ಕಳಿಸಿದ್ದ ಭಾಮೈದ ನೆನಪಾಗಿ ನಗು ಬಂತು.

ಬೈಯೋದಕ್ಕೆ ತಡೆಯಿಲ್ಲ. ಎರಡು ವಿಷಯಕ್ಕೆ ಮಾತ್ರ ಆ ದೇಶ ತಲೆ ಕೆಡಿಸಿಕೊಳ್ಳುತ್ತದೆ. ಒಂದು, ಜನಾಂಗ ಮತ್ತು ಧರ್ಮ. ಇನ್ನೊಂದು, ಸುಳ್ಳು. ಯಾಕೆ ಅಂತ ತಿಳಿಯೋದಕ್ಕೆ 1950ರ ಡಿಸೆಂಬರಿಗೆ ಹೋಗಬೇಕು.

ಆಗ ಬ್ರಿಟಿಷರ ಆಳ್ವಿಕೆ. ಒಬ್ಬ ಡಚ್ ಹುಡುಗಿಯನ್ನು ಯುದ್ಧದ ಕಾಲದಲ್ಲಿ ಮಲಯ ಮುಸ್ಲಿಂ ತಾಯಿಯೊಬ್ಬಳು ಸಾಕಿದ್ದಳು. ಹೆತ್ತವರು ಮಗಳು ಬೇಕು ಅಂತ ಕೋರ್ಟಿಗೆ ಬಂದರು, ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಆಮೇಲೆ ಹುಡುಗಿಯನ್ನು ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಇರಿಸಿದರು. ಮೇರಿಯಮ್ಮನ ವಿಗ್ರಹದ ಮುಂದೆ ಅವಳಿರುವ ಫೋಟೋ ಪೇಪರಿನಲ್ಲಿ ಬಂತು. ಫೋಟೋ ಸುಳ್ಳಲ್ಲ, ನಿಜವೇ. ಆದರೂ ಊರು ಹೊತ್ತಿ ಉರಿಯಿತು, 18 ಜನ ಸತ್ತರು. 1964ರ ಜುಲೈನಲ್ಲಿ ಪ್ರವಾದಿ ಜನ್ಮದಿನದ ಮೆರವಣಿಗೆಯಲ್ಲಿ ಶುರುವಾದ ಮಲಯ-ಚೀನೀ ಗಲಭೆಗೆ 23 ಜನ ಬಲಿಯಾದರು. ಸೆಪ್ಟೆಂಬರಿನಲ್ಲಿ ಮತ್ತೆ 13. ಮರುವರ್ಷ ಸ್ವತಂತ್ರವಾದ ಆ ಪುಟ್ಟ ದ್ವೀಪದ ಮೊದಲ ನೆನಪುಗಳು ಇವು.

ನಮ್ಮದೇನು ಬೇರೆ ಕಥೆಯಾ? 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ಮರೆತಿಲ್ಲ ತಾನೆ? ಹೈದರಾಬಾದಿನಿಂದ ಕಾರಿನಲ್ಲಿ ಬಂದ ಹುಡುಗರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪಿನಲ್ಲಿ ಸುದ್ದಿ ಅವರಿಗಿಂತ ಮುಂಚೆ ಮುಂದಿನ ಊರು ಮುಟ್ಟಿತು. ಒಬ್ಬ ಎಂಜಿನಿಯರ್ ಹೆಣವಾದ. ಆ ಗಳಿಗೆಯಲ್ಲಿ "ಮುಕ್ತ ಚರ್ಚೆಯಲ್ಲಿ ಸತ್ಯ ತಾನಾಗಿ ಗೆಲ್ಲುತ್ತೆ" ಅಂತ ಆ ಕಾರಿನೊಳಗೆ ಇದ್ದವರಿಗೆ ಯಾರು ಹೇಳುತ್ತಾರೆ?

ಸಿಂಗಪುರ 2019ರಲ್ಲಿ ಸುಳ್ಳು ಸುದ್ದಿಯ ವಿರುದ್ಧ ಕಾನೂನು ತಂದಿತು. ಅಲ್ಲಿನವರು ಅದನ್ನು ಪೋಫ್ಮಾ ಅನ್ನುತ್ತಾರೆ. ಹೊರಗಿನವರು ಬಾಯಿಗೆ ಬೀಗ ಅಂದರು. ಓದಿ ನೋಡಿದರೆ ಅದರ ಸಾಮಾನ್ಯ ಆದೇಶ ಇಷ್ಟೆ: ನಿನ್ನ ಪೋಸ್ಟ್ ಹಾಗೇ ಇರಲಿ, ಪಕ್ಕದಲ್ಲಿ 'ಇದು ತಪ್ಪು, ಸರಿಯಾದ ಮಾಹಿತಿ ಇಲ್ಲಿದೆ' ಅಂತ ಒಂದು ಸಾಲು ಹಾಕು. ಓದುವವನು ಎರಡನ್ನೂ ಓದಿ ತೀರ್ಮಾನ ಮಾಡಲಿ. ಒಪ್ಪಿಗೆಯಿಲ್ಲದವರು ಕೋರ್ಟಿಗೆ ಹೋಗಬಹುದು. ಚುನಾವಣೆ ಘೋಷಣೆಯಾದ ಮೇಲೆ ಈ ಅಧಿಕಾರ ಮಂತ್ರಿಯ ಕೈಯಲ್ಲಿ ಉಳಿಯೋದಿಲ್ಲ, ಹಿರಿಯ ಅಧಿಕಾರಿಗೆ ಹೋಗುತ್ತದೆ.

ವಿರೋಧ ಪಕ್ಷವನ್ನು ಮುಗಿಸಿಬಿಟ್ಟರು ಅನ್ನೋದು ಇನ್ನೊಂದು ದೂರು. 2011ರಲ್ಲಿ ಏನಾಯಿತು? ವರ್ಕರ್ಸ್ ಪಾರ್ಟಿ ಅಲ್ಜುನೀಡ್ ಅನ್ನುವ ಐದು ಸೀಟಿನ ಕ್ಷೇತ್ರವನ್ನೇ ಗೆದ್ದಿತು. ವಿದೇಶಾಂಗ ಮಂತ್ರಿಯೇ ಸೋತರು. ಪಿಎಪಿ ಮತ 60 ಪರ್ಸೆಂಟಿಗೆ ಇಳಿಯಿತು. ಸರ್ಕಾರ ಬಾಯಿ ಮುಚ್ಚಿಕೊಂಡು ಪಾಠ ಕಲಿಯಿತು. ಪ್ರಧಾನಿಯ ಸಂಬಳವನ್ನೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿತ ಮಾಡಿದರು. ವೋಟು ಕೇಳಿಸಿತು ಅಂತ ತಾನೆ ಅರ್ಥ? ಅಲ್ಲಿ ಬೂತ್ ವಶ ಇಲ್ಲ, ರಾತ್ರೋರಾತ್ರಿ ಸೀರೆ, ಕುಕ್ಕರ್ ಹಂಚೋದಿಲ್ಲ, ಗೆದ್ದ ಶಾಸಕರನ್ನು ರೆಸಾರ್ಟಿನಲ್ಲಿ ಕೂಡಿ ಹಾಕೋದಿಲ್ಲ. (ಈ ಸಾಲು ಬರೆಯುವಾಗ ಭಾಮೈದನ ಮುಖ ನೆನೆಸಿಕೊಂಡೆ.) 2025ರ ಮೇ ತಿಂಗಳಲ್ಲಿ ಅದೇ ಜನ ಮತ್ತೆ 65 ಪರ್ಸೆಂಟ್ ಮತ ಕೊಟ್ಟು ಪಿಎಪಿಯನ್ನೇ ಕೂರಿಸಿದರು.

ಹಳೆಯ ಕಾಲದಲ್ಲಿ ಅತಿಯಾಯಿತು, ಒಪ್ಪುತ್ತೇನೆ. ವಿಚಾರಣೆಯಿಲ್ಲದೆ ಜನರನ್ನು ವರ್ಷಗಟ್ಟಲೆ ಇಟ್ಟಿದ್ದು ಸರಿ ಅಂತ ಹೇಳೋದಕ್ಕೆ ನನಗೂ ನಾಲಿಗೆ ಬರೋದಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಮಗಳು ಒಬ್ಬಳೇ ಟ್ಯೂಷನ್ನಿಂದ ಮನೆಗೆ ನಡೆದು ಬರುತ್ತಿದ್ದಳು. ಕೆಳಗಿನ ಮನೆಯಲ್ಲಿ ಮಲಯ ಕುಟುಂಬ, ಎದುರಿಗೆ ಚೀನೀಯರು, ಮೇಲೆ ನಾವು. ಸರ್ಕಾರಿ ಫ್ಲ್ಯಾಟುಗಳಲ್ಲಿ ಯಾವ ಜನಾಂಗದವರು ಎಷ್ಟು ಇರಬೇಕು ಅಂತಲೂ ಅಲ್ಲಿ ಲೆಕ್ಕ ಇದೆ, ಒಂದೇ ಕಡೆ ಗುಂಪಾಗಬಾರದು ಅಂತ. ಇದೂ ಒಂದು ಬೇಲಿಯೇ. ಒಂಬತ್ತು ವರ್ಷ ಆ ಬೇಲಿಯೊಳಗೆ ನನಗೆ ಉಸಿರು ಕಟ್ಟಲಿಲ್ಲ.

ವಿರೋಧ: ಲಿಫ್ಟ್ ಯಾವ ಮಹಡಿಯಲ್ಲಿ ನಿಲ್ಲುತ್ತದೆ?

ಭಾವನಿಗೆ ಉಸಿರು ಕಟ್ಟಲಿಲ್ಲ, ಸರಿ. ಅವರಿಗೆ ಅಲ್ಲಿ ವೋಟೂ ಇರಲಿಲ್ಲ, ಚುನಾವಣೆಗೆ ನಿಲ್ಲೋ ಆಸೆಯೂ ಇರಲಿಲ್ಲ. ಸಂಬಳ ಬರುತ್ತಿತ್ತು, ರೈಲು ಟೈಮಿಗೆ ಬರುತ್ತಿತ್ತು. ಹಾಕರ್ ಸೆಂಟರಿನ ಮುದುಕರು ಬೈದರೆ ಸರ್ಕಾರಕ್ಕೇನು ನಷ್ಟ? ಬೈದವನು ನಾಮಪತ್ರ ಹಾಕಿದಾಗ ಏನಾಗುತ್ತದೆ ಅಂತ ನೋಡಬೇಕು.

ನಾನು ಮೊದಲು ಲಿಫ್ಟಿನ ಕಥೆ ಹೇಳುತ್ತೇನೆ. ಸಿಂಗಪುರದ ಬಹುಪಾಲು ಜನ ಸರ್ಕಾರ ಕಟ್ಟಿದ ಫ್ಲ್ಯಾಟುಗಳಲ್ಲಿ ಇರುತ್ತಾರೆ. ಹಳೆಯ ಕಟ್ಟಡಗಳಲ್ಲಿ ಖರ್ಚು ಉಳಿಸೋದಕ್ಕೆ ಲಿಫ್ಟ್ ಎಲ್ಲ ಮಹಡಿಗೂ ನಿಲ್ಲುತ್ತಿರಲಿಲ್ಲ, ಮಧ್ಯೆ ಮಧ್ಯೆ ಕೆಲವು ಮಹಡಿಗೆ ಮಾತ್ರ. ಬೇರೆ ಮಹಡಿಯವರು ಇಳಿದು ಮೆಟ್ಟಿಲು ಹತ್ತಬೇಕು, ಇಲ್ಲ ಇಳಿಯಬೇಕು. ಮಂಡಿ ನೋವಿನ ಅಜ್ಜಿಗೆ, ಗಾಲಿಕುರ್ಚಿಯವರಿಗೆ ಇದು ಎಂಥ ಶಿಕ್ಷೆ ಅಂತ ಯೋಚಿಸಿ. ಆಮೇಲೆ ಸರ್ಕಾರ ದುರಸ್ತಿ ಯೋಜನೆ ತಂದಿತು, ಒಳ್ಳೆಯದೇ. ಆದರೆ 1997ರ ಚುನಾವಣೆಯಲ್ಲಿ ಪಿಎಪಿ ನೇರವಾಗಿ ಹೇಳಿತು: ಕಟ್ಟಡಗಳ ದುರಸ್ತಿಯಲ್ಲಿ ನಮಗೆ ಓಟು ಹಾಕಿದ ಕ್ಷೇತ್ರಕ್ಕೆ ಮೊದಲ ಸರದಿ.

ಪೋಟಾಂಗ್ ಪಾಸಿರ್ ಮತ್ತು ಹೌಗಾಂಗ್ ಅನ್ನುವ ಎರಡು ಕ್ಷೇತ್ರಗಳ ಜನ ವಿರೋಧ ಪಕ್ಷದವರನ್ನೇ ಆರಿಸುತ್ತಾ ಬಂದವರು. 2006ರಲ್ಲಿ ಪಿಎಪಿ ಅವರ ಮುಂದೆ ದುಡ್ಡಿನ ಗಂಟು ಇಟ್ಟಿತು. ನಮ್ಮ ಅಭ್ಯರ್ಥಿ ಗೆದ್ದರೆ ಹೌಗಾಂಗಿಗೆ 10 ಕೋಟಿ ಡಾಲರ್, ಪೋಟಾಂಗ್ ಪಾಸಿರಿಗೆ 8 ಕೋಟಿ ಡಾಲರಿನ ದುರಸ್ತಿ ಕೆಲಸ. ಜನ ಬೇಡ ಅಂದರು. ಮೆಟ್ಟಿಲು ಹತ್ತಿಕೊಂಡೇ ಇರುತ್ತೇವೆ ಅಂತ ಹಳಬರನ್ನೇ ಮತ್ತೆ ಗೆಲ್ಲಿಸಿದರು. ರಾತ್ರೋರಾತ್ರಿ ಕುಕ್ಕರ್ ಹಂಚೋದಿಲ್ಲ ಅಂದರಲ್ಲ ಭಾವ, ಹಗಲು ಹೊತ್ತಿನಲ್ಲೇ ಲಿಫ್ಟ್ ಹಂಚಿದರೆ ಅದಕ್ಕೇನು ಅನ್ನೋದು? ನಮ್ಮ ವಿರೋಧ ಪಕ್ಷದ ಶಾಸಕರು ಅನುದಾನ ತಾರತಮ್ಯ ಅಂತ ಪ್ರತಿ ಅಧಿವೇಶನದಲ್ಲೂ ಗಲಾಟೆ ಮಾಡುತ್ತಾರೆ. ಪಕ್ಷ ಬದಲಾದ ಹಾಗೆ ಗಲಾಟೆ ಮಾಡುವವರು ಬದಲಾಗುತ್ತಾರೆ ಅಷ್ಟೆ. ಅಲ್ಲಿ ಬದಲಾಗೋದೇ ಇಲ್ಲ, ಅದೇ ವ್ಯತ್ಯಾಸ.

ಈಗ ಒಬ್ಬ ಮನುಷ್ಯನ ವಿಷಯ. ಜೆ. ಬಿ. ಜಯರತ್ನಂ, ವಕೀಲರು, ವರ್ಕರ್ಸ್ ಪಾರ್ಟಿ. 1981ರ ಆ್ಯನ್ಸನ್ ಉಪಚುನಾವಣೆಯಲ್ಲಿ ಗೆದ್ದರು. 1968ರಿಂದ ಪಿಎಪಿ ಬಿಟ್ಟು ಒಬ್ಬರೂ ಗೆಲ್ಲದ ಸಂಸತ್ತಿಗೆ ಒಳಗೆ ಬಂದ ಮೊದಲ ವಿರೋಧ ಸದಸ್ಯ ಅವರು. 1986ರಲ್ಲಿ ಪಕ್ಷದ ಲೆಕ್ಕಪತ್ರದ ಬಗ್ಗೆ ಸುಳ್ಳು ಹೇಳಿದರು ಅಂತ ಶಿಕ್ಷೆಯಾಯಿತು, 5,000 ಡಾಲರ್ ದಂಡ ಬಿತ್ತು. 2,000 ಅಥವಾ ಅದಕ್ಕಿಂತ ಜಾಸ್ತಿ ದಂಡವಾದರೆ ಸೀಟು ಹೋಗುತ್ತದೆ ಅನ್ನೋದು ಆಗಿನ ನಿಯಮ. ಸೀಟು ಹೋಯಿತು, ವಕೀಲಿಕೆಯೂ ಹೋಯಿತು. ವಕೀಲಿಕೆಯ ವಿಷಯದಲ್ಲಿ, ಆಗ ಸಿಂಗಪುರದವರಿಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಮೇಲ್ಮನವಿ ಹಾಕಿದರು. 1988ರಲ್ಲಿ ಅವರಿಗೆ ಘೋರ ಅನ್ಯಾಯವಾಗಿದೆ ಅಂತ ಹೇಳಿ ಕೌನ್ಸಿಲ್ ಸನ್ನದು ವಾಪಸ್ ಕೊಡಿಸಿತು. ಆದರೆ ಶಿಕ್ಷೆ ರದ್ದು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಸರ್ಕಾರ ಕ್ಷಮೆ ಕೊಡಲಿಲ್ಲ. ಆಮೇಲೆ ಪ್ರಿವಿ ಕೌನ್ಸಿಲ್ಲಿಗೆ ಹೋಗುವ ದಾರಿಯನ್ನು ಕಿರಿದು ಮಾಡುತ್ತಾ ಬಂದು 1994ರಲ್ಲಿ ಪೂರ್ತಿ ಮುಚ್ಚಿದರು. ಇನ್ನು ಆ್ಯನ್ಸನ್? 1988ರ ಚುನಾವಣೆ ಹೊತ್ತಿಗೆ ಆ ಹೆಸರಿನ ಕ್ಷೇತ್ರವೇ ನಕ್ಷೆಯಲ್ಲಿ ಇರಲಿಲ್ಲ.

ಅಷ್ಟಕ್ಕೆ ಮುಗಿಯಲಿಲ್ಲ. ಆಳುವವರು ಹೂಡಿದ ಮಾನನಷ್ಟ ಮೊಕದ್ದಮೆಗಳಲ್ಲಿ ಸೋತು ಸೋತು 2001ರಲ್ಲಿ ದಿವಾಳಿಯಾದರು. ದಿವಾಳಿಯಾದವರು ಚುನಾವಣೆಗೆ ನಿಲ್ಲುವ ಹಾಗಿಲ್ಲ. ಎಪ್ಪತ್ತು ದಾಟಿದ ಆ ಮನುಷ್ಯ ತಾನು ಬರೆದ ಪುಸ್ತಕ ಕೈಲಿ ಹಿಡಿದು ರೈಲ್ವೆ ಸ್ಟೇಷನ್ ಮುಂದೆ ನಿಂತು ಮಾರುತ್ತಿದ್ದರು. ಲಾಠಿ ಇಲ್ಲ, ಗುಂಡು ಇಲ್ಲ. ಎಲ್ಲ ಕಾನೂನು ಪ್ರಕಾರವೇ. ಅದಕ್ಕೇ ಹೊರಗಿನಿಂದ ನೋಡುವವರಿಗೆ ಏನೂ ಕಾಣಿಸೋದಿಲ್ಲ.

ವಿಚಾರಣೆಯಿಲ್ಲದ ಜೈಲನ್ನು ಭಾವ ಒಂದು ಸಾಲಿನಲ್ಲಿ ದಾಟಿದರು. ಆ ಸಾಲಿನೊಳಗೆ ಒಬ್ಬರಿದ್ದಾರೆ. ಚಿಯಾ ತ್ಯೆ ಪೋ, ವಿರೋಧ ಪಕ್ಷದ ಸಂಸದ, ಭೌತಶಾಸ್ತ್ರದ ಮೇಷ್ಟ್ರು. 1966ರಲ್ಲಿ ಒಳಗೆ ಹೋದವರು, 1989ರಲ್ಲಿ ಹೊರಗೆ ಬಂದರು. ಒಂದು ದಿನವೂ ವಿಚಾರಣೆ ನಡೆಯಲಿಲ್ಲ. ಹೊರಗೆ ಅಂದರೆ ಮನೆಗಲ್ಲ, ಸೆಂಟೋಸಾ ದ್ವೀಪದ ಪುಟ್ಟ ಕೋಣೆಗೆ. ನಮ್ಮವರು ಈಗ ಫೋಟೋ ಹೊಡೆಸಿಕೊಳ್ಳೋದಕ್ಕೆ ಹೋಗೋದು ಅದೇ ಸೆಂಟೋಸಾಗೆ. ಅವರ ಮೇಲಿನ ಕೊನೆಯ ನಿರ್ಬಂಧ ತೆಗೆದದ್ದು 1998ರಲ್ಲಿ.

ಇನ್ನು ಸುಳ್ಳು ಸುದ್ದಿ. ಮುರ್ಕಿಯ ಮಾತು ನನಗೂ ಚುಚ್ಚುತ್ತದೆ, ಅದಕ್ಕೆ ನನ್ನಲ್ಲಿ ಚೆಂದದ ಉತ್ತರವಿಲ್ಲ. ಆದರೆ ಪೋಫ್ಮಾ ಮೊದಲು ಬಿದ್ದದ್ದು ಮಕ್ಕಳ ಕಳ್ಳರ ವದಂತಿ ಮೇಲಾ? ಅಲ್ಲ. 2019ರ ನವೆಂಬರಿನಲ್ಲಿ ಮೊದಲ ಆದೇಶ ಹೋದದ್ದು ವಿರೋಧ ಪಕ್ಷದ ಒಬ್ಬ ಸದಸ್ಯನಿಗೆ. ಸರ್ಕಾರಿ ಹೂಡಿಕೆಯ ಬಗ್ಗೆ ಬರೆದಿದ್ದಕ್ಕೆ. ಮುಂದಿನ ತಿಂಗಳು ಇನ್ನೊಂದು ವಿರೋಧ ಪಕ್ಷಕ್ಕೆ, ಉದ್ಯೋಗದ ಅಂಕಿಅಂಶದ ಬಗ್ಗೆ ಮಾತಾಡಿದ್ದಕ್ಕೆ. ಯಾವುದು ಸುಳ್ಳು ಅಂತ ಮೊದಲು ತೀರ್ಮಾನ ಮಾಡೋದು ಮಂತ್ರಿ. ಕೋರ್ಟು ಆಮೇಲೆ. ಸೊಸೆ ಮೇಲಿನ ದೂರಿಗೆ ಅತ್ತೆಯೇ ಜಡ್ಜ್ ಆದ ಹಾಗೆ, ಅಲ್ವಾ? ಕೇಂದ್ರ ಸರ್ಕಾರ ಇಂಥದ್ದೇ ಫ್ಯಾಕ್ಟ್ ಚೆಕ್ ಘಟಕ ಮಾಡೋದಕ್ಕೆ ಹೊರಟಾಗ 2024ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟು ಆ ನಿಯಮವನ್ನೇ ರದ್ದು ಮಾಡಿತು.

2011 ಹೇಳಿದರು ಭಾವ. ಆ ವರ್ಷ 60 ಪರ್ಸೆಂಟ್ ಮತಕ್ಕೆ ಪಿಎಪಿಗೆ ಬಂದದ್ದು 87ರಲ್ಲಿ 81 ಸೀಟು. 2025ರಲ್ಲಿ 97ರಲ್ಲಿ 87. ನಮ್ಮಲ್ಲೂ 2023ರಲ್ಲಿ ಕಾಂಗ್ರೆಸ್ಸಿಗೆ 43 ಪರ್ಸೆಂಟ್ ಮತಕ್ಕೆ 135 ಸೀಟು ಬಂತು ಅನ್ನಿ, ಆ ರೋಗ ಎಲ್ಲ ಕಡೆ ಇದೆ. ಆದರೆ ಅಲ್ಲಿ ಅಲ್ಜುನೀಡಿನಂಥ ಗುಂಪು ಕ್ಷೇತ್ರಗಳಿವೆ, ಗೆದ್ದ ತಂಡಕ್ಕೇ ಅಲ್ಲಿನ ಎಲ್ಲ ಸೀಟು. ಅಂಥ ಕ್ಷೇತ್ರಕ್ಕೆ ನಾಲ್ಕೈದು ಅಭ್ಯರ್ಥಿಗಳನ್ನು ಒಟ್ಟಿಗೆ ನಿಲ್ಲಿಸಬೇಕು, ಅಷ್ಟೂ ಜನರ ಠೇವಣಿ ಕಟ್ಟಬೇಕು. ಕ್ಷೇತ್ರಗಳ ಗಡಿ ತಿದ್ದಿದ ವರದಿ 2025ರ ಮಾರ್ಚ್ 11ಕ್ಕೆ ಬಂತು, ಮತದಾನ ಮೇ 3ಕ್ಕೆ. ಗೆರೆ ಎಲ್ಲಿ ಬಿತ್ತು ಅಂತ ಗೊತ್ತಾಗಿ ಮನೆಮನೆ ತಿರುಗೋದಕ್ಕೆ ಎರಡು ತಿಂಗಳೂ ಇಲ್ಲ.

ಅಕ್ಕನ ಮನೆಗೆ ಹೋದಾಗ ಒಮ್ಮೆ ಹಾಂಗ್ ಲಿಮ್ ಪಾರ್ಕ್ ನೋಡಿ ಬಂದೆ. 2000ದಿಂದ ಮಾತಾಡೋದಕ್ಕೆ ಅಂತಲೇ ಬಿಟ್ಟ ಜಾಗ ಅದು. ಹೆಸರು ನೋಂದಾಯಿಸಿಕೊಂಡು ಹೋಗಬೇಕು, ನಾಗರಿಕರಿಗೆ ಮಾತ್ರ ಪೂರ್ತಿ ಹಕ್ಕು. ಅಲ್ಲಿ ಪ್ರತಿಭಟನೆ ನಡೆಯುವಾಗ ಭಾವನಂಥ ವೀಸಾದವರು ಹೋಗಿ ಸೇರಿಕೊಳ್ಳುವ ಹಾಗಿಲ್ಲ. ಪಾರ್ಕಿನ ಹೊರಗಾದರೆ ಒಬ್ಬರೇ ನಿಂತರೂ ಅದು ಸಭೆ. 2020ರಲ್ಲಿ ಒಬ್ಬ ಕಾರ್ಯಕರ್ತ ನಗುಮುಖ ಬರೆದ ರಟ್ಟಿನ ತುಂಡು ಹಿಡಿದು ಫೋಟೋ ತೆಗೆಸಿಕೊಂಡಿದ್ದಕ್ಕೆ ಕೇಸು ಬಿತ್ತು. ನಾನು ಹೋದ ದಿನ ಪಾರ್ಕಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಒಬ್ಬರು ನಾಯಿ ತಿರುಗಿಸುತ್ತಿದ್ದರು.

ನಗಬೇಕು ಅಂತಿದ್ದೆ. ಆಗ ನಮ್ಮ ಫ್ರೀಡಂ ಪಾರ್ಕ್ ನೆನಪಾಯಿತು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಕೂಡಿ ಹಾಕಿದ್ದ ಸೆಂಟ್ರಲ್ ಜೈಲು ಅದು. ಬೆಂಗಳೂರಿನಲ್ಲಿ ಯಾರಾದರೂ ಧರಣಿ ಕೂರಬೇಕು ಅಂದರೆ ಈಗ ಪೊಲೀಸರು ಕಳಿಸೋದು ಅಲ್ಲಿಗೇ. ಹೋದ ತಿಂಗಳು ಗೆಳೆಯನೊಬ್ಬನ ಜೊತೆ ಹೋಗಿದ್ದೆ. ಹಳೇ ಸೆಲ್ಲುಗಳನ್ನು ಹಾಗೇ ಉಳಿಸಿದ್ದಾರೆ. ಹುಡುಗರು ಕಂಬಿ ಹಿಡಿದು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಆಚೆ ಶಾಮಿಯಾನದ ಕೆಳಗೆ ಕೂತವರು ಮೈಕಿನಲ್ಲಿ ಕೂಗುತ್ತಿದ್ದರು. ವಿಧಾನಸೌಧಕ್ಕೆ ಅದು ಕೇಳಿಸುವಷ್ಟು ಹತ್ತಿರವೇನಲ್ಲ.