ಗ್ರೀಕ್ ವಾಸ್ತುಶಿಲ್ಪಿಗಳು ಮಾತೆತ್ತದ ಕಟ್ಟಡ

ಇಂದಿನ ಗ್ರೀಸ್‌ನ ಕೆಲವು ವಾಸ್ತುಶಿಲ್ಪಿಗಳು ತಮ್ಮ ವಿನ್ಯಾಸದ ತತ್ವಗಳನ್ನು ಕುರಿತು ಮಾತಾಡಿಕೊಂಡ ಒಂದು ದೀರ್ಘ ಚರ್ಚೆಯನ್ನು ಈಗಷ್ಟೇ ಕೇಳಿ ಮುಗಿಸಿದ್ದೇನೆ. ಇದನ್ನು ಬರೆಯದಿದ್ದರೆ ಇವತ್ತು ನಿದ್ದೆ ಬರುವಂತಿಲ್ಲ. ಅವರೆಲ್ಲ ಪ್ರತಿಭಾವಂತರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬೆಳಕಿನ ಬಗ್ಗೆ, ಕಲ್ಲಿನ ಬಗ್ಗೆ, ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಗಾಳಿಯ ಬಗ್ಗೆ, ಏಜಿಯನ್ ದ್ವೀಪಗಳಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟುವ ಗೋಡೆಗಳ ಬಗ್ಗೆ ಮನಸ್ಸು ತುಂಬಿ ಮಾತಾಡಿದರು. ಆದರೆ ಅಥೆನ್ಸ್‌ನ ಬಹುಪಾಲು ಜನ ಹುಟ್ಟಿ, ಬೆಳೆದು, ಮುದುಕರಾಗುವ ಆ ಸಾಧಾರಣ ಕಾಂಕ್ರೀಟ್ ಅಪಾರ್ಟ್‌ಮೆಂಟಿನ ಬಗ್ಗೆ ಯಾರೊಬ್ಬರೂ ಬಾಯಿ ಬಿಡಲಿಲ್ಲ.

ನನಗೆ ಸಿಟ್ಟು ಬಂದಿರುವುದು ಇದಕ್ಕೆ. ನಾನು ಕಲಿತದ್ದೂ ಮಾಡುತ್ತಿರುವುದೂ ಇದೇ ವೃತ್ತಿ ಎಂಬುದು ಇಲ್ಲಿರುವ ಸ್ನೇಹಿತರಿಗೆ ಗೊತ್ತು. ಕಾಲೇಜಿನ ದಿನಗಳಲ್ಲಿ ನನ್ನ ತಲೆಮಾರಿನವರಿಗೆ ಗ್ರೀಸ್ ಎಂದರೆ ಅಥೆನ್ಸ್‌ನ ಪುರಾತನ ದೇಗುಲ ಪಾರ್ಥೆನಾನ್ ಮಾತ್ರವಾಗಿರಲಿಲ್ಲ. ಗ್ರೀಕ್ ವಾಸ್ತುಶಿಲ್ಪಿಗಳಾದ ಸುಝಾನಾ ಮತ್ತು ಡಿಮಿತ್ರಿಸ್ ಅಂಟೊನಾಕಾಕಿಸ್ ದಂಪತಿಯ ಕೆಲಸವನ್ನು ಕುರಿತು 1981ರಲ್ಲಿ ಅಲೆಕ್ಸಾಂಡರ್ ತ್ಸೋನಿಸ್ ಮತ್ತು ಲಿಯಾನ್ ಲಫೇವ್ರ್ ಬರೆದ ಲೇಖನದಿಂದಲೇ ‘ಕ್ರಿಟಿಕಲ್ ರೀಜನಲಿಸಂ’, ಎಂದರೆ ಸ್ಥಳೀಯತೆಯನ್ನು ವಿಮರ್ಶೆಯ ಕಣ್ಣಿನಿಂದ ಆಧುನಿಕ ಕಟ್ಟಡಕ್ಕೆ ತರುವುದು, ಎಂಬ ವಿಚಾರ ಹೊರಟದ್ದು. ಎರಡು ವರ್ಷಗಳ ನಂತರ ವಾಸ್ತುಶಿಲ್ಪ ವಿಮರ್ಶಕ ಕೆನೆತ್ ಫ್ರಾಂಪ್ಟನ್ ಅದನ್ನು ಎತ್ತಿಕೊಂಡು ಜಗತ್ತಿನ ವಾಸ್ತುಶಿಲ್ಪ ಶಾಲೆಗಳಿಗೆಲ್ಲ ಹಬ್ಬಿಸಿದರು. ಆಧುನಿಕವಾಗಿ ಕಟ್ಟುತ್ತಲೇ ನೆಲಕ್ಕೆ ನಿಷ್ಠರಾಗಿರುವುದು ಹೇಗೆ ಎಂಬ ಪ್ರಶ್ನೆಯನ್ನು ನಮಗೆ ಕೊಟ್ಟವರು ಈ ಗ್ರೀಕರು. ಆದ್ದರಿಂದಲೇ ಅವರ ಉತ್ತರಾಧಿಕಾರಿಗಳ ಮೌನ ನನ್ನನ್ನು ಇಷ್ಟು ಕಾಡುತ್ತಿದೆ.

ಆ ದಂಪತಿ ಆ ಪ್ರಶ್ನೆಗೆ ಉತ್ತರ ಹುಡುಕಿದ್ದು ದ್ವೀಪದ ಬೇಸಿಗೆ ಮನೆಗಳಲ್ಲಿ ಮಾತ್ರವಲ್ಲ. ಅಥೆನ್ಸ್‌ನ ಎಕ್ಸಾರ್ಖಿಯಾ ಬಡಾವಣೆಯ ಎಮ್ಯಾನುಯೆಲ್ ಬೆನಾಕಿ ಬೀದಿಯಲ್ಲಿ, 118ನೆಯ ನಂಬರಿನಲ್ಲಿ, 1970ರ ದಶಕದ ಆರಂಭದಲ್ಲಿ ಅವರು ಒಂದು ಅಪಾರ್ಟ್‌ಮೆಂಟ್ ಕಟ್ಟಿದರು. ನಗರದ ಸಾವಿರಾರು ಅಪಾರ್ಟ್‌ಮೆಂಟುಗಳ ಹಾಗೆಯೇ ಅದಕ್ಕೂ ಇಕ್ಕಟ್ಟಾದ ಸೈಟು, ಅದೇ ಕಾಂಕ್ರೀಟ್ ಚೌಕಟ್ಟು. ಅದರೊಳಗೇ ಒಂದೊಂದು ಮನೆಯನ್ನೂ ಬೇರೆ ಬೇರೆಯಾಗಿ ರೂಪಿಸಿ, ಮಜಲುಗಳನ್ನು ಮೇಲೆ ಕೆಳಗೆ ಮಾಡಿ, ಬೆಳಕು ಒಳಗಿನ ಮೂಲೆಗೂ ಬರುವಂತೆ ಮಾಡಿದರು. ತಾವೂ ಅಲ್ಲೇ ವಾಸಿಸಿದರು, ಕಚೇರಿಯನ್ನೂ ಅಲ್ಲೇ ಇಟ್ಟುಕೊಂಡರು. ತಮ್ಮ ತತ್ವವನ್ನು ತಮ್ಮ ಮೆಟ್ಟಿಲುಗಳಲ್ಲೇ ದಿನವೂ ಹತ್ತಿ ಇಳಿದವರು ಅವರು.

ಈ ಅಪಾರ್ಟ್‌ಮೆಂಟುಗಳನ್ನು ಅಲ್ಲಿ ‘ಪೊಲಿಕತಿಕಿಯಾ’ ಎನ್ನುತ್ತಾರೆ. ಅವು ಹುಟ್ಟಿದ ಬಗೆ ಬೆಂಗಳೂರಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. 1922ರ ನಂತರ ಏಷ್ಯಾ ಮೈನರ್‌ನಿಂದ, ಎಂದರೆ ಇಂದಿನ ಟರ್ಕಿಯಿಂದ, ಹತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಗ್ರೀಸ್‌ಗೆ ಬಂದರು. 1929ರ ಕಾನೂನು ಒಂದೇ ಕಟ್ಟಡದ ಒಂದೊಂದು ಮನೆಗೂ ಬೇರೆ ಬೇರೆ ಮಾಲೀಕರಿರಬಹುದು ಎಂದಿತು. ಎರಡನೆಯ ಮಹಾಯುದ್ಧವೂ ಅಂತರ್ಯುದ್ಧವೂ ಮುಗಿದ ಮೇಲೆ ಹಳ್ಳಿಗಳ ಜನ ನಗರಕ್ಕೆ ಹರಿದು ಬಂದಾಗ ಸರ್ಕಾರದ ಬಳಿಯೂ ಹಣವಿರಲಿಲ್ಲ, ಜನರ ಬಳಿಯೂ ಇರಲಿಲ್ಲ. ಆಗ ಬಳಕೆಗೆ ಬಂದದ್ದು ‘ಅಂತಿಪರೋಹಿ’ ಎಂಬ ವ್ಯವಸ್ಥೆ: ಹಳೆಯ ಮನೆಯ ಮಾಲೀಕ ತನ್ನ ಜಾಗವನ್ನು ಕಟ್ಟುವವನಿಗೆ ಕೊಡುತ್ತಾನೆ, ಕೈಗೆ ಕಾಸು ಪಡೆಯುವುದಿಲ್ಲ, ಎದ್ದ ಕಟ್ಟಡದಲ್ಲಿ ಇಷ್ಟು ಫ್ಲ್ಯಾಟುಗಳೆಂದು ಪಾಲು ಪಡೆಯುತ್ತಾನೆ. ನಮ್ಮಲ್ಲಿ ಇದಕ್ಕೆ ಜಾಯಿಂಟ್ ಡೆವಲಪ್‌ಮೆಂಟ್ ಎನ್ನುತ್ತಾರೆ. ನನ್ನ ಅಜ್ಜನ ಹೆಂಚಿನ ಮನೆಯೂ ಇದೇ ಲೆಕ್ಕಾಚಾರದಲ್ಲಿ ಹೋಯಿತು. ನಾನು ಈಗ ಕೂತು ಬರೆಯುತ್ತಿರುವುದು ಅದಕ್ಕೆ ಬದಲಾಗಿ ನಮ್ಮ ಪಾಲಿಗೆ ಬಂದ ಫ್ಲ್ಯಾಟಿನಲ್ಲಿ. ಹಿತ್ತಲಿನ ಹಲಸಿನ ಮರ ಹೋದದ್ದಕ್ಕೆ ಇವತ್ತಿಗೂ ಸಂಕಟವಿದೆ, ನನ್ನ ತಾಯಿಗೆ ಸ್ವಂತ ಸೂರು ಸಿಕ್ಕಿತೆಂಬ ಕೃತಜ್ಞತೆಯೂ ಇದೆ. ಎರಡೂ ಒಟ್ಟಿಗೇ ಇರುವುದರಿಂದಲೇ ಈ ವಿಷಯವನ್ನು ಯಾರಾದರೂ ಕೀಳಾಗಿ ಕಂಡರೆ ಅಥವಾ ಕಂಡೂ ಕಾಣದಂತೆ ದಾಟಿ ಹೋದರೆ ನನಗೆ ಸಹಿಸಲಾಗುವುದಿಲ್ಲ.

ಅಥೆನ್ಸ್‌ನ ಆ ಕಟ್ಟಡಗಳಲ್ಲಿ ಹೆಚ್ಚಿನವು ವಾಸ್ತುಶಿಲ್ಪಿಗಳ ಕೈಯಿಂದ ಹೊರಟವಲ್ಲ. ಎಂಜಿನಿಯರುಗಳೂ ಗುತ್ತಿಗೆದಾರರೂ ಕಟ್ಟಿದಂಥವು. ಆದರೂ ಅವು ಒಂದು ಕೆಲಸ ಮಾಡಿದವು. ಮೇಲಿನ ಮಹಡಿಗಳಲ್ಲಿ ಉಳ್ಳವರು, ನಡುವೆ ಮಧ್ಯಮ ವರ್ಗದವರು, ನೆಲಮಾಳಿಗೆಯಲ್ಲಿ ಬಡವರು ಅಥವಾ ವಲಸಿಗರು ಎಂದು ಒಂದೇ ಬಾಗಿಲಿನಿಂದ ಒಳಬರುವ ನಗರವನ್ನು ಅವು ಉಂಟುಮಾಡಿದವು. ಅದರಲ್ಲಿ ಅನ್ಯಾಯವಿಲ್ಲ ಎಂದು ನಾನು ಹೇಳುತ್ತಿಲ್ಲ, ನೆಲಮಾಳಿಗೆಗೆ ಬಿಸಿಲು ಬರುವುದಿಲ್ಲ. ಇಂಥ ಕಟ್ಟಡವನ್ನು ಸರಿಪಡಿಸುವುದು ಹೇಗೆ, ನಡುವೆ ಗಾಳಿಬೆಳಕಿಗೆಂದು ಬಿಟ್ಟ ಅದರ ಗಾಳಿಬಾವಿಯನ್ನು, ಮೆಟ್ಟಿಲನ್ನು, ತಾರಸಿಯನ್ನು ಮತ್ತೆ ಬಾಳುವಂತೆ ಮಾಡುವುದು ಹೇಗೆ ಎಂಬುದು ಒಬ್ಬ ವಾಸ್ತುಶಿಲ್ಪಿಯ ಇಡೀ ಜೀವಮಾನದ ಕೆಲಸಕ್ಕೆ ಸಾಕಾಗುವ ಪ್ರಶ್ನೆ. ಆ ಚರ್ಚೆಯಲ್ಲಿ ಈ ಪ್ರಶ್ನೆ ಬರಲೇ ಇಲ್ಲ.

ಮಾತುಮಾತಿಗೂ ಅವರು ನೆನೆದದ್ದು ಹಿಂದಿನ ತಲೆಮಾರಿನ ವಾಸ್ತುಶಿಲ್ಪಿ ಡಿಮಿತ್ರಿಸ್ ಪಿಕಿಯೊನಿಸ್ ಅವರನ್ನು. ನೆನೆಯಲೇಬೇಕು. 1954ರಿಂದ 1957ರವರೆಗೆ ಆಕ್ರೊಪೊಲಿಸ್ ಮತ್ತು ಫಿಲೊಪಾಪ್ಪು ಗುಡ್ಡಗಳ ಸುತ್ತ ಅವರು ಹಾಸಿದ ಕಾಲುದಾರಿಗಳಿಗೆ ಸಮನಾದ ಕೆಲಸ ಕಳೆದ ಶತಮಾನದಲ್ಲಿ ಹೆಚ್ಚಿಲ್ಲ ಎಂದೇ ನನ್ನ ನಂಬಿಕೆ. ಎಲ್ಲವನ್ನೂ ಕಾಗದದಲ್ಲೇ ತೀರ್ಮಾನಿಸದೆ, ಕಲ್ಲುಕುಟಿಗರ ಮತ್ತು ವಿದ್ಯಾರ್ಥಿಗಳ ಜೊತೆ ಸ್ಥಳದಲ್ಲೇ ನಿಂತು, ಒಂದೊಂದು ಕಲ್ಲಿನ ಪಕ್ಕ ಯಾವ ಕಲ್ಲು ಕೂರಬೇಕೆಂದು ನೋಡಿ ನೋಡಿ ಮಾಡಿದ ದಾರಿ ಅದು. ಆದರೆ ಆ ಕಲ್ಲುಗಳು ಎಲ್ಲಿಂದ ಬಂದವು? ಅಥೆನ್ಸ್‌ನಲ್ಲಿ ಆಗ ಕೆಡವಲಾಗುತ್ತಿದ್ದ ಹಳೆಯ ಕಟ್ಟಡಗಳ ಅಮೃತಶಿಲೆಯ ತುಂಡುಗಳೂ ಕೆತ್ತನೆಯ ಚೂರುಗಳೂ ಆ ಹಾಸಿನಲ್ಲಿ ಸೇರಿಕೊಂಡಿವೆ. ಹಳೆಯ ಮನೆಗಳು ಬೀಳುತ್ತಿದ್ದದ್ದು ಹೊಸ ಅಪಾರ್ಟ್‌ಮೆಂಟುಗಳಿಗೆ ಜಾಗ ಬಿಡಲಿಕ್ಕೆ. ಎಂದರೆ ಪಿಕಿಯೊನಿಸ್ ಅವರ ದಾರಿಯೂ ಪೊಲಿಕತಿಕಿಯಾವೂ ಒಂದೇ ಕಾಲದ, ಒಂದೇ ಕೆಡವುವಿಕೆಯ ಎರಡು ಮುಖಗಳು. ಒಂದನ್ನು ಪೂಜಿಸಿ ಇನ್ನೊಂದರ ಹೆಸರನ್ನೂ ಎತ್ತದಿರುವುದು ಚರಿತ್ರೆಗೆ ಬಗೆಯುವ ಅಪಚಾರ. ಅದಕ್ಕಿಂತ ಮುಖ್ಯವಾಗಿ, ಆ ದಾರಿ ಯಾರ ಖಾಸಗಿ ಸ್ವತ್ತೂ ಅಲ್ಲ. ಟಿಕೆಟ್ ಇಲ್ಲದೆ ಯಾರು ಬೇಕಾದರೂ ಫಿಲೊಪಾಪ್ಪು ಗುಡ್ಡ ಹತ್ತಬಹುದು. ಪಿಕಿಯೊನಿಸ್ ಅವರಿಂದ ಕಲ್ಲನ್ನು ಕಲಿತು ಈ ಸಾರ್ವಜನಿಕತೆಯನ್ನು ಬಿಟ್ಟರೆ ಕಲಿತದ್ದು ಅರ್ಧ.

ಇನ್ನೊಬ್ಬ ಹಿರಿಯ ವಾಸ್ತುಶಿಲ್ಪಿ ಆರಿಸ್ ಕಾನ್‌ಸ್ಟಾಂಟಿನಿಡಿಸ್ ಅವರ ವಿಷಯದಲ್ಲೂ ಹೀಗೆಯೇ ಆಯಿತು. ಅನಾವಿಸ್ಸೊಸ್‌ನ ಕಡಲಂಚಿನಲ್ಲಿ 1960ರ ದಶಕದ ಆರಂಭದಲ್ಲಿ ಅವರು ಕಟ್ಟಿದ ಚಿಕ್ಕ ವಾರಾಂತ್ಯದ ಮನೆಯನ್ನು, ಅದರ ಒರಟು ಕಲ್ಲಿನ ಗೋಡೆ ಮತ್ತು ಚಪ್ಪಟೆ ಕಾಂಕ್ರೀಟ್ ಚಾವಣಿಯನ್ನು ಎಲ್ಲರೂ ಹೊಗಳಿದರು. ಆ ಮನೆಗೂ ಮೊದಲು, 1955ರಿಂದ 1957ರವರೆಗೆ, ಅವರು ಕಾರ್ಮಿಕರ ವಸತಿ ಸಂಸ್ಥೆಯಲ್ಲಿದ್ದು ದುಡಿಯುವವರಿಗೆ ಮನೆಗಳನ್ನು ರೂಪಿಸಿದ್ದರು ಎಂಬುದು ಯಾರ ಬಾಯಿಂದಲೂ ಬರಲಿಲ್ಲ. ನಂತರದ ಹತ್ತು ವರ್ಷ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆಯ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರಾಗಿ ಕ್ಸೆನಿಯಾ ಎಂಬ ಸರ್ಕಾರಿ ಹೋಟೆಲುಗಳನ್ನು ಅವರು ಕಟ್ಟಿಸಿದ್ದೂ ಸಾರ್ವಜನಿಕ ಹಣದಲ್ಲೇ. ಅವುಗಳಲ್ಲಿ ಒಂದಾದ ಆಂಡ್ರೋಸ್ ದ್ವೀಪದ ಹೋಟೆಲ್ ಎಷ್ಟೋ ವರ್ಷ ಪಾಳು ಬಿದ್ದಿತ್ತು. ಕಾರ್ಮಿಕರ ಆ ವಸತಿ ಸಂಸ್ಥೆಯನ್ನಂತೂ ಗ್ರೀಸ್ ಸರ್ಕಾರದ ಸಾಲದ ಬಿಕ್ಕಟ್ಟಿನ ಒಪ್ಪಂದದ ಭಾಗವಾಗಿ 2012ರಲ್ಲಿ ಮುಚ್ಚಿಯೇ ಬಿಟ್ಟರು. ಅದು ಕಾರ್ಮಿಕರು ಮತ್ತು ಮಾಲೀಕರ ವಂತಿಗೆಯಿಂದ ನಡೆಯುತ್ತಿದ್ದ ಸಂಸ್ಥೆ. ವಿನ್ಯಾಸದ ತತ್ವಗಳ ಚರ್ಚೆಯಲ್ಲಿ ಇದಕ್ಕೆ ಜಾಗವಿಲ್ಲವೆಂದರೆ ಇನ್ನೆಲ್ಲಿದೆ?

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ಬಿಕ್ಕಟ್ಟಿನ ವರ್ಷಗಳಲ್ಲಿ ಅಲ್ಲಿನ ನಿರ್ಮಾಣದ ಕೆಲಸವೇ ನಿಂತುಹೋಯಿತು, ಎಷ್ಟೋ ಯುವ ವಾಸ್ತುಶಿಲ್ಪಿಗಳು ದೇಶ ಬಿಟ್ಟರು, ಉಳಿದವರಿಗೆ ಕೈಹಿಡಿದದ್ದು ದ್ವೀಪಗಳಲ್ಲಿ ಬೇಸಿಗೆ ಮನೆ ಬಯಸುವ ಸ್ಥಿತಿವಂತರು. ಆ ಮನೆಗಳಲ್ಲೂ ನಿಜವಾದ ಕಾಳಜಿ ಇದೆ ಎಂಬುದನ್ನು ಒಪ್ಪುತ್ತೇನೆ. ಡೆಕಾ ಎಂಬ ವಾಸ್ತುಶಿಲ್ಪ ಸಂಸ್ಥೆ ಅಂತಿಪಾರೊಸ್ ದ್ವೀಪದಲ್ಲಿ ಕಟ್ಟಿದ ‘ಅಲೋನಿ’ ಮನೆ ಕಲ್ಲಿನ ಗೋಡೆಗಳ ನಡುವೆ, ಮಣ್ಣು ಹೊದ್ದ ಚಾವಣಿಯ ಕೆಳಗೆ ಬೆಟ್ಟದಲ್ಲಿ ಕರಗಿದಂತಿದೆ. ಕ್ರೀಟ್‌ನಲ್ಲಿ ಅದೇ ಸಂಸ್ಥೆ ಒಂದು ಮನೆಯ ಜೊತೆಗೆ, ಅಡ್ಡಾದಿಡ್ಡಿ ರಸ್ತೆ ಕಡಿದು ಹಾಳಾಗಿದ್ದ ಇಳಿಜಾರಿಗೆ ಸ್ಥಳೀಯ ಗಿಡಗಳ ಬೀಜ ಆರಿಸಿ, ಬೆಳೆಸಿ, ಮತ್ತೆ ಹಸಿರು ಹೊದಿಸಲು ಹೊರಟಿತು. ಇದು ಶ್ರದ್ಧೆಯ ಕೆಲಸ. ಆದರೂ ನನ್ನ ತಕರಾರು ನಿಂತಲ್ಲೇ ನಿಂತಿದೆ. ನಗರ ಯೋಜನೆಯ ಗಡಿಯಾಚೆಯೂ ನಾಲ್ಕು ಸಾವಿರ ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಎಕರೆ, ಜಮೀನಿದ್ದರೆ ಮನೆ ಕಟ್ಟಲು ಬಿಟ್ಟ ನಿಯಮವೇ ಆ ದ್ವೀಪಗಳ ಬೆಟ್ಟಗಳನ್ನು ಚೂರು ಚೂರು ಮಾಡಿದ್ದು. ಹಡಗಿನಲ್ಲಿ ನೀರು ತರಿಸಿಕೊಂಡ, ಸಮುದ್ರದ ನೀರನ್ನು ಸಿಹಿ ಮಾಡಿಕೊಂಡು ಕುಡಿಯುವ ದ್ವೀಪಗಳಲ್ಲಿ ಮನೆಗೊಂದು ಈಜುಕೊಳ ತೋಡುತ್ತಾರೆ. ಆ ಮನೆಗಳನ್ನು ಕಟ್ಟುವುದನ್ನು ನಾನು ತಪ್ಪೆನ್ನುವುದಿಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ತತ್ವ ಎಂದು ಹೇಳಲು ಕೂತಾಗ ಗೋಡೆಯ ಕಲ್ಲು ಎಲ್ಲಿಂದ ಬಂತೆಂದು ಹೇಳುವವರು ಕೊಳದ ನೀರು ಎಲ್ಲಿಂದ ಬಂತೆಂಬುದನ್ನೂ ಹೇಳಬೇಕು.

ಕಟ್ಟುವುದು ‘ಯಾರಿಗಾಗಿ’ ಎಂಬ ಪ್ರಶ್ನೆ ಆ ದೇಶಕ್ಕೆ ಹೊಸದೂ ಅಲ್ಲ. 2020ರಲ್ಲಿ ಆಕ್ರೊಪೊಲಿಸ್ ಮೇಲೆ ಕಾಂಕ್ರೀಟ್ ದಾರಿಗಳನ್ನು ಹಾಸಿದಾಗ ಎದ್ದ ಗದ್ದಲ ನೆನಪಿರಬಹುದು. ಸ್ಮಾರಕಗಳ ಸಮಿತಿಯ ಮುಖ್ಯಸ್ಥರಾಗಿದ್ದ ವಾಸ್ತುಶಿಲ್ಪಿ ಮನೋಲಿಸ್ ಕೊರೆಸ್ ಎಷ್ಟೋ ಟೀಕೆ ಎದುರಿಸಬೇಕಾಯಿತು. ಆ ಕಾಂಕ್ರೀಟಿನ ಹರಹು ನನಗೂ ಅತಿಯೆನಿಸಿತು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಹೊಸ ಲಿಫ್ಟು ಬಂದು, ಗಾಲಿಕುರ್ಚಿಯವರು ಆ ಬಂಡೆಯ ನೆತ್ತಿಯನ್ನು ತಲುಪುವುದು ಸುಲಭವಾಯಿತು. ಸರಿಯೋ ತಪ್ಪೋ, ಅಲ್ಲಿ ಎರಡೂ ಪಕ್ಷದವರು ಬಳಸುವ ಮನುಷ್ಯರ ಬಗ್ಗೆ ಬಹಿರಂಗವಾಗಿ ಜಗಳವಾಡಿದರು. ವಸತಿಯ ಬಗ್ಗೆಯೂ ಹಾಗೆ ಜಗಳವಾಡುವ ಕಾಲ ಇದು. ಪ್ರವಾಸಿಗರಿಗೆ ಕೊಡುವ ಅಲ್ಪಾವಧಿ ಬಾಡಿಗೆಯಿಂದ ಅಥೆನ್ಸ್‌ನ ನಡುಭಾಗದ ಫ್ಲ್ಯಾಟುಗಳು ನಿವಾಸಿಗಳ ಕೈತಪ್ಪುತ್ತಿರುವುದನ್ನು ಕಂಡು, 2025ರ ಜನವರಿಯಿಂದ ನಗರದ ಮೂರು ವಿಭಾಗಗಳಲ್ಲಿ ಅಂಥ ಬಾಡಿಗೆಯ ಹೊಸ ನೋಂದಣಿಯನ್ನೇ ಸರ್ಕಾರ ತಡೆಯಬೇಕಾಯಿತು.

ಎಲ್ಲರೂ ಹಾಗೆಯೇ ಎಂದರೆ ಅದೂ ಅನ್ಯಾಯವಾದೀತು. ಪಾಯಿಂಟ್ ಸುಪ್ರೀಮ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಕಾನ್‌ಸ್ಟಾಂಟಿನೊಸ್ ಪಂತಾಝಿಸ್ ಮತ್ತು ಮರಿಯಾನ್ನಾ ರೆಂತ್ಸು, ಅಥೆನ್ಸ್‌ನ ಪೆತ್ರಾಲೊನಾ ಬಡಾವಣೆಯ ಒಂದು ಹಳೆಯ ಮನೆಯನ್ನೇ ತಮ್ಮದಾಗಿಸಿಕೊಂಡು, ಬೇರೆಡೆ ಬಳಸಿ ಬಿಟ್ಟ ಸಾಮಗ್ರಿಗಳನ್ನು ಸೇರಿಸಿ, ಅದನ್ನು ಮೇಲಕ್ಕೆ ಬೆಳೆಸಿದ್ದಾರೆ. ಆ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ, ಏಕೆಂದರೆ ಅದರಲ್ಲಿ ನಗರವನ್ನು ಬಿಟ್ಟು ಓಡುವ ಆಸೆ ಇಲ್ಲ.

ಇಲ್ಲಿರುವ ವಾಸ್ತುಶಿಲ್ಪ ವಿದ್ಯಾರ್ಥಿಗಳಲ್ಲಿ ಯಾರಾದರೂ ಅಥೆನ್ಸ್‌ಗೆ ಹೋಗುವುದಿದ್ದರೆ ಪಿಕಿಯೊನಿಸ್ ಅವರ ದಾರಿಯನ್ನು ಖಂಡಿತ ನಡೆಯಿರಿ. ಆಮೇಲೆ ದ್ವೀಪದ ಹಡಗು ಹತ್ತುವ ಮೊದಲು ಬೆನಾಕಿ ಬೀದಿಗೆ ಹೋಗಿ, 118ನೆಯ ಕಟ್ಟಡವನ್ನೂ ಅದರ ಎಡಬಲದಲ್ಲಿರುವ ಹೆಸರಿಲ್ಲದ ಅಪಾರ್ಟ್‌ಮೆಂಟುಗಳನ್ನೂ ಒಟ್ಟಿಗೆ ನೋಡಿ, ಸ್ಕೆಚ್ ಮಾಡಿಕೊಂಡು ಬನ್ನಿ. ಒಂದೇ ಬಗೆಯ ಸೈಟಿನಲ್ಲಿ ಒಂದು ಕಟ್ಟಡ ಮಾಡಿದ್ದನ್ನು ಪಕ್ಕದ್ದು ಏಕೆ ಮಾಡಲಾಗಲಿಲ್ಲ ಎಂಬುದರ ಬಗ್ಗೆ ನಿಮ್ಮ ಜೊತೆ ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡಲು ನಾನು ಸಿದ್ಧ.